ರೂಪಾಯಿಯೊಳಗಿನ ಬೆಳ್ಳಿ ಎಲ್ಲಿ ಹೋಯಿತು?



ಈ ಸಲ ಪುಸ್ತಕ ತೆರೆಯಿರಿ ಎಂದು ಹೇಳುವುದಿಲ್ಲ, ನಿಮ್ಮ ಜೇಬನ್ನೇ ತೆರೆಯಿರಿ. ಮೊಬೈಲಿನಲ್ಲೇ ಹಣ ಕೊಡುವ ಕಾಲ ಇದು ಎಂಬುದು ನನಗೂ ಗೊತ್ತು. ಆದರೂ ಹುಡುಕಿದರೆ ಒಂದಾದರೂ ನೋಟು ಸಿಕ್ಕೀತು. ಅದರ ಹಿಂಬದಿಯ ಒಂದು ಪಟ್ಟಿಯಲ್ಲಿ ನೋಟಿನ ಮೊತ್ತವನ್ನು ಹದಿನೈದು ಭಾಷೆಗಳಲ್ಲಿ ಮುದ್ರಿಸಿರುತ್ತಾರೆ. ಅಸ್ಸಾಮಿ, ಬಂಗಾಳಿ, ಗುಜರಾತಿ ಮುಗಿದ ಕೂಡಲೆ ನಾಲ್ಕನೆಯ ಸಾಲು ನಮ್ಮ ಕನ್ನಡ. ನಿಮ್ಮ ಶಾಲೆಯ ಭಾಷೆಯಾದ ಮರಾಠಿ ಎಂಟನೆಯ ಸಾಲಿನಲ್ಲಿದೆ. ಕನ್ನಡ ಓದಲು ಬರುವುದಿಲ್ಲ ಎಂದು ಸಂಕೋಚಪಡುವ ನಮ್ಮ ಮಕ್ಕಳಿಗೆ ನಾನು ಕೊಡುವ ಮೊದಲನೆಯ ಪಾಠ ಈ ಸಾಲೇ. ದಿನವೂ ಕೈಯಲ್ಲಿ ಹಿಡಿಯುವ ಕನ್ನಡ ಅದು.

ಆ ಸಾಲಿನಲ್ಲಿರುವ ‘ರೂಪಾಯಿ’ ಎಂಬ ಶಬ್ದವನ್ನು ಸ್ವಲ್ಪ ನೋಡೋಣ. ಇದರ ಮೂಲ ಸಂಸ್ಕೃತದ ‘ರೂಪ್ಯ’. ರೂಪವನ್ನು, ಅಂದರೆ ಮುದ್ರೆಯನ್ನು ಒತ್ತಿದ್ದು ಎಂಬುದು ಅದರ ಒಂದು ಅರ್ಥ. ಬೆಳ್ಳಿ ಎಂಬುದು ಇನ್ನೊಂದು ಅರ್ಥ. ಒಂದೇ ಶಬ್ದದಲ್ಲಿ ಲೋಹವೂ ಇದೆ, ಮುದ್ರೆಯೂ ಇದೆ. ಇಂದಿನ ನೋಟಿನಲ್ಲಿ ಮುದ್ರೆ ಮಾತ್ರ ಉಳಿದಿದೆ, ಬೆಳ್ಳಿ ಎಳ್ಳಷ್ಟೂ ಇಲ್ಲ. ಹಾಗಾದರೆ ಆ ಬೆಳ್ಳಿ ಎಲ್ಲಿಂದ ಬಂದಿತ್ತು, ಯಾವಾಗ ಹೋಯಿತು, ಹೋದಾಗ ಯಾರಿಗೆ ನಷ್ಟವಾಯಿತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರ ಎಂಬ ನಮ್ಮ ಎರಡು ಊರುಗಳ ಸುತ್ತಮುತ್ತಲೇ ಈ ಕಥೆಯ ಬಹುಪಾಲು ನಡೆದುಹೋಗಿದೆ.

ಮೊದಲು ಲೋಹದ ವಿಷಯ. ನಾವು ನಿಂತಿರುವ ನೆಲದಲ್ಲಿ ಬೆಳ್ಳಿಯ ಗಣಿ ಇಲ್ಲ. ಪಾಂಡವಲೇಣಿಯನ್ನೂ ವೇರುಳದ ಕೈಲಾಸವನ್ನೂ ಕಡೆದಿರುವ ಈ ಕಪ್ಪು ಬಂಡೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ. ಗುಹೆ ಕಡೆಯಲು, ಹತ್ತಿ ಬೆಳೆಯಲು ಈ ಬಂಡೆಯೂ ಅದರಿಂದಾದ ಕರಿಮಣ್ಣೂ ಒಳ್ಳೆಯವು, ಬೆಳ್ಳಿಗೆ ಅಲ್ಲ. ಭಾರತದಲ್ಲಿ ಬೆಳ್ಳಿ ಮುಖ್ಯವಾಗಿ ಸಿಗುವುದು ರಾಜಸ್ಥಾನದಲ್ಲಿ. ಉದಯಪುರದ ಬಳಿಯ ಜಾವರದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಗಣಿ ತೋಡಿದ ಕುರುಹುಗಳಿವೆ. ನಮ್ಮ ಕರ್ನಾಟಕದಲ್ಲಿ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಚಿನ್ನದ ಜೊತೆಗೆ ಸ್ವಲ್ಪ ಬೆಳ್ಳಿ ಬರುತ್ತದೆ; ಅದು ಮನೆ ಯಜಮಾನನ ಹಿಂದೆ ಬಂದ ಅತಿಥಿಯ ಹಾಗೆ.

ಬೆಳ್ಳಿಯ ಸ್ವಭಾವವೇ ಹಾಗೆ. ಅದು ಒಂಟಿಯಾಗಿ ಸಿಗುವುದು ಅಪರೂಪ. ಸೀಸ, ಸತು, ತಾಮ್ರ, ಇಲ್ಲವೆ ಚಿನ್ನದ ಅದಿರಿನೊಳಗೆ ಅಡಗಿಕೊಂಡಿರುತ್ತದೆ. ಒಂದು ಟನ್ ಅದಿರಿನಲ್ಲಿ ನೂರು ಗ್ರಾಂ ಬೆಳ್ಳಿ ಇದ್ದರೂ ಗಣಿಯವರಿಗೆ ಸಂತೋಷವೇ. ಅಂದರೆ ಹತ್ತು ಸಾವಿರ ಪಾಲು ಕಲ್ಲಿಗೆ ಒಂದು ಪಾಲು ಬೆಳ್ಳಿ. ಕಲ್ಲನ್ನು ಒಡೆದು, ಹಿಟ್ಟಿನಂತೆ ಅರೆದು, ನೀರಿನಲ್ಲಿ ನೊರೆ ಎಬ್ಬಿಸುತ್ತಾರೆ. ಲೋಹದ ಕಣಗಳು ನೊರೆಗೆ ಅಂಟಿಕೊಂಡು ಮೇಲೆ ಬರುತ್ತವೆ, ಕಲ್ಲುಪುಡಿ ಕೆಳಗೆ ಉಳಿಯುತ್ತದೆ. ನೊರೆಯಲ್ಲಿ ಬಂದದ್ದನ್ನು ಕುಲುಮೆಯಲ್ಲಿ ಕಾಯಿಸಿದರೆ ಸೀಸ ದೊರೆಯುತ್ತದೆ, ಸೀಸದೊಳಗೆ ಬೆಳ್ಳಿ ಕರಗಿರುತ್ತದೆ.

ಇನ್ನು ಸೀಸದಿಂದ ಬೆಳ್ಳಿಯನ್ನು ಬಿಡಿಸಬೇಕು. ಹಳೆಯ ಕಾಲದ ಉಪಾಯ ಇದು: ಎಲುಬಿನ ಬೂದಿಯಿಂದ ಮಾಡಿದ ಆಳವಿಲ್ಲದ ಬಟ್ಟಲಿನಲ್ಲಿ ಲೋಹವನ್ನು ಕರಗಿಸಿ, ತಿದಿಯಿಂದ ಗಾಳಿ ಊದುತ್ತಾ ಇರಬೇಕು. ಸೀಸ ಗಾಳಿಯೊಂದಿಗೆ ಕೂಡಿ ಹಳದಿ ಭಸ್ಮವಾಗುತ್ತದೆ. ಸ್ವಲ್ಪ ಭಾಗವನ್ನು ಬೂದಿಯ ಬಟ್ಟಲೇ ಕುಡಿದುಬಿಡುತ್ತದೆ. ಬೆಳ್ಳಿ ಮಾತ್ರ ಗಾಳಿಗೆ ಜಗ್ಗುವುದಿಲ್ಲ. ಕೊನೆಯ ಸೀಸದ ಪೊರೆ ಸರಿದಾಗ ಕರಗಿದ ಬೆಳ್ಳಿ ಒಮ್ಮೆಲೆ ಫಳಕ್ಕನೆ ಹೊಳೆಯುತ್ತದೆ. ಶುದ್ಧವಾಯಿತು ಎಂಬುದಕ್ಕೆ ಆ ಹೊಳಪೇ ಗುರುತು. 1850ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ಇನ್ನೊಂದು ದಾರಿಗೆ ಪೇಟೆಂಟ್ ಪಡೆದ. ಕರಗಿದ ಸೀಸಕ್ಕೆ ಸತು ಬೆರೆಸಿದರೆ, ಬೆಳ್ಳಿ ಸೀಸವನ್ನು ಬಿಟ್ಟು ಸತುವಿನ ಕಡೆಗೆ ಹೋಗಿ ಕೆನೆಯಂತೆ ಮೇಲೆ ತೇಲುತ್ತದೆ. ಆ ಕೆನೆಯನ್ನು ತೆಗೆದು, ಸತುವನ್ನು ಆವಿ ಮಾಡಿ, ಉಳಿದದ್ದನ್ನು ಹಳೆಯ ರೀತಿಯಲ್ಲೇ ಊದಿ, ಕೊನೆಗೆ ವಿದ್ಯುತ್ತಿನ ಸಹಾಯದಿಂದ ಶೋಧಿಸುತ್ತಾರೆ. ಆಗ ಸಾವಿರಕ್ಕೆ 999 ಪಾಲು ಶುದ್ಧವಾದ ಬೆಳ್ಳಿ ಕೈಗೆ ಬರುತ್ತದೆ.

ಇದರ ಹಿಂದೆ ಎಷ್ಟು ಜನರ ಪ್ರಾಣ ಹೋಗಿದೆ ಎಂಬುದನ್ನೂ ಮರೆಯಬಾರದು. ಸೀಸದ ಹೊಗೆ ವಿಷ. 1545ರಲ್ಲಿ ದಕ್ಷಿಣ ಅಮೆರಿಕದ ಪೊಟೊಸಿ ಎಂಬಲ್ಲಿ ಸ್ಪೇನಿನವರಿಗೆ ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಅಲ್ಲಿ ಬೆಳ್ಳಿಯನ್ನು ಅದಿರಿನಿಂದ ಬಿಡಿಸಲು ಪಾದರಸ ಬಳಸಿದರು. ಸುತ್ತಲಿನ ಮೂಲನಿವಾಸಿಗಳನ್ನು ಬಿಟ್ಟಿ ದುಡಿಮೆಗೆ ಹಿಡಿದು ತಂದು ಗಣಿಗೆ ಇಳಿಸಿದರು. ಆ ಬೆಳ್ಳಿ ಹಡಗು ಹತ್ತಿ ಯುರೋಪಿಗೆ ಹೋಗಿ, ಅಲ್ಲಿಂದ ಬಟ್ಟೆ, ಮೆಣಸು, ನೀಲಿಗಾಗಿ ನಮ್ಮ ಸೂರತ್ತಿಗೂ ಗೋವೆಗೂ ಬಂತು. ನಮ್ಮ ನೆಲದಲ್ಲಿ ಬೆಳ್ಳಿ ಇಲ್ಲದ್ದರಿಂದ ಇಲ್ಲಿನ ಪ್ರತಿಯೊಂದು ತೊಲ ಬೆಳ್ಳಿಯೂ ಪ್ರವಾಸ ಮಾಡಿ ಬಂದದ್ದೇ. ಆ ಅರ್ಥದಲ್ಲಿ ಅದೂ ನಮ್ಮ ಹಾಗೆ ಹೊರಗಿನಿಂದ ಬಂದು ಇಲ್ಲಿ ನೆಲೆ ನಿಂತದ್ದು!

ಹೀಗೆ ಬೆಳ್ಳಿಯ ಬೆಲೆಯಲ್ಲಿ ಒಂದು ಪಾಲು ಬೆವರು. ಇನ್ನೊಂದು ಪಾಲು ಮಾತು, ಅಂದರೆ ಅದರ ಮೇಲೆ ಮುದ್ರೆ ಒತ್ತಿದವನು ಕೊಟ್ಟ ವಚನ. ಇವೆರಡೂ ಜೊತೆಯಾಗಿ ನಡೆಯುವಾಗ ಹಣ ಗಟ್ಟಿ. ಬೇರೆಬೇರೆಯಾದಾಗ ಏನಾಗುತ್ತದೆ ಎಂಬುದನ್ನು ನಮ್ಮ ಊರುಗಳ ಚರಿತ್ರೆ ಹೇಳುತ್ತದೆ.

ನಾಸಿಕದ ಪಾಂಡವಲೇಣಿಗೆ ನೀವೆಲ್ಲ ಶಾಲೆಯ ಪ್ರವಾಸದಲ್ಲಿ ಹೋಗಿರುತ್ತೀರಿ. ಅಲ್ಲಿಯ ಹತ್ತನೆಯ ಗುಹೆಯಲ್ಲಿ ನಹಪಾನ ಎಂಬ ಕ್ಷತ್ರಪ ದೊರೆಯ ಅಳಿಯ ಉಷವದಾತನ ಶಾಸನಗಳಿವೆ. ಒಂದು ಶಾಸನದಲ್ಲಿ ಗುಹೆಯ ಭಿಕ್ಷುಗಳಿಗಾಗಿ 3000 ಕಾರ್ಷಾಪಣ ನಾಣ್ಯಗಳನ್ನು ಶಾಶ್ವತ ನಿಧಿಯಾಗಿ ಇಟ್ಟ ವಿವರವಿದೆ. ಹಣವನ್ನು ಇಟ್ಟದ್ದು ದೇವಾಲಯದಲ್ಲಲ್ಲ, ಅರಮನೆಯಲ್ಲೂ ಅಲ್ಲ. ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ. ಒಂದರಲ್ಲಿ 2000, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ. ಇನ್ನೊಂದರಲ್ಲಿ 1000, ತಿಂಗಳಿಗೆ ನೂರಕ್ಕೆ ಮುಕ್ಕಾಲರ ಬಡ್ಡಿ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನಷ್ಟೇ ಬಳಸಬೇಕು. ಮಳೆಗಾಲದಲ್ಲಿ ಅಲ್ಲಿ ತಂಗುವ ಇಪ್ಪತ್ತು ಭಿಕ್ಷುಗಳಿಗೆ ತಲೆಗೆ ಹನ್ನೆರಡು ಕಾರ್ಷಾಪಣದಂತೆ ಬಟ್ಟೆಯ ಖರ್ಚು ಕೊಡಬೇಕು.

ಕ್ಯಾಲ್ಕುಲೇಟರ್ ಬೇಡ, ಬಾಯಿಲೆಕ್ಕ ಮಾಡಿ. ಎರಡು ಸಾವಿರಕ್ಕೆ ತಿಂಗಳಿಗೆ ಇಪ್ಪತ್ತು, ವರ್ಷಕ್ಕೆ 240. ಇಪ್ಪತ್ತು ಜನರಿಗೆ ಹನ್ನೆರಡರಂತೆ ಅದೇ 240. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ! ಸುಮಾರು ಹತ್ತೊಂಬತ್ತು ನೂರು ವರ್ಷಗಳ ಹಿಂದಿನ ಬಜೆಟ್ ಇದು. ಒಪ್ಪಂದವನ್ನು ನಗರಸಭೆಯಲ್ಲಿ ಓದಿ ಹೇಳಿ, ದಾಖಲೆಯ ಕಚೇರಿಯಲ್ಲಿ ಬರೆಸಿದರು ಎಂಬುದೂ ಶಾಸನದಲ್ಲೇ ಇದೆ. ಇನ್ನೊಂದು ದಾನದ ಸಂದರ್ಭದಲ್ಲಿ 70,000 ಕಾರ್ಷಾಪಣಗಳೆಂದರೆ 2000 ಸುವರ್ಣಗಳು, ಒಂದು ಸುವರ್ಣಕ್ಕೆ 35ರಂತೆ ಎಂದು ಚಿನ್ನ ಬೆಳ್ಳಿಯ ದರವನ್ನೂ ಕೊರೆಸಿದ್ದಾರೆ. ಇಂದಿನ ಚಿನಿವಾರ ಪೇಟೆಯ ಧಾರಣೆ ಸಂಜೆಗೆ ಬದಲಾಗುತ್ತದೆ. ಅಂದಿನ ಧಾರಣೆ ಕಲ್ಲಿನಲ್ಲಿ ಉಳಿದಿದೆ.

ಆ ನಹಪಾನನ ಬೆಳ್ಳಿ ನಾಣ್ಯಗಳು ಒಂದೊಂದೂ ಎರಡು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತವೆ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಟೆಂಭಿ ಎಂಬ ಹಳ್ಳಿಯಲ್ಲಿ ಇಂತಹ ಸುಮಾರು 13,250 ನಾಣ್ಯಗಳ ನಿಧಿ ದೊರೆಯಿತು. ಅವುಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ನಹಪಾನನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆಯನ್ನು ಒತ್ತಿಸಿದ್ದಾನೆ. ಸೋತ ರಾಜನ ಮುಖದ ಮೇಲೆಯೇ ಗೆದ್ದವನ ಗುರುತು! ಸಾತವಾಹನರ ರಾಜಧಾನಿ ಪೈಠಣ ಇರುವುದು ಸಂಭಾಜಿನಗರ ಜಿಲ್ಲೆಯಲ್ಲಿ ಎಂಬುದು ನಿಮಗೆ ಗೊತ್ತೇ ಇದೆ. ಗೌತಮೀಪುತ್ರ ನಾಣ್ಯಗಳನ್ನು ಕರಗಿಸಲಿಲ್ಲ, ಏಕೆಂದರೆ ಲೋಹ ಚೆನ್ನಾಗಿಯೇ ಇತ್ತು. ಬದಲಾದದ್ದು ಮಾತು ಕೊಡುವವನು ಮಾತ್ರ. ಬೆವರು ಹಳೆಯದು, ವಚನ ಹೊಸದು.

ಇನ್ನೊಂದು ಉದಾಹರಣೆ ತ್ರ್ಯಂಬಕದ ದಾರಿಯಲ್ಲಿರುವ ಅಂಜನೇರಿಯದು. ಅಲ್ಲಿ ದೊರೆತ ಸುಮಾರು ಕ್ರಿ.ಶ. 710ರ ತಾಮ್ರಪಟಗಳನ್ನು ಬರೆಸಿದವನು ಭೋಗಶಕ್ತಿ. ಅವನ ಮನೆತನ ನಮ್ಮ ಬಾದಾಮಿ ಚಾಲುಕ್ಯರ ಅಧೀನದಲ್ಲಿತ್ತು. ಆ ಪಟದಲ್ಲಿ ‘ಕೃಷ್ಣರಾಜ ರೂಪಕ’ ಎಂಬ ಬೆಳ್ಳಿ ನಾಣ್ಯದ ಹೆಸರು ಬರುತ್ತದೆ. ಕೃಷ್ಣರಾಜ ಕಲಚುರಿ ದೊರೆ, ಆರನೆಯ ಶತಮಾನದವನು. ಅವನು ಸತ್ತು ನೂರು ವರ್ಷಗಳಿಗೂ ಮೇಲಾಗಿತ್ತು, ರಾಜ್ಯ ಕೈಬದಲಾಗಿತ್ತು. ಆದರೂ ಒಂದು ಬದಿಗೆ ಅವನ ಮುಖ, ಇನ್ನೊಂದು ಬದಿಗೆ ನಂದಿ ಇರುವ ಆ ಪುಟ್ಟ ನಾಣ್ಯವನ್ನು ಜನ ಬಿಟ್ಟಿರಲಿಲ್ಲ. ಅರಸ ಹೋದರೂ ತೂಕ ಸುಳ್ಳಾಡದಿದ್ದರೆ ನಾಣ್ಯ ನಡೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇದೇ ಅಂಜನೇರಿಯಲ್ಲಿ 1980ರಲ್ಲಿ ಭಾರತೀಯ ನಾಣ್ಯಶಾಸ್ತ್ರ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. ನಿಮ್ಮ ಮನೆಯಿಂದ ಬಸ್ಸಿನ ದೂರದಲ್ಲಿ ಇಂತಹ ಸಂಸ್ಥೆ ಇರುವುದು ಎಷ್ಟು ಜನರಿಗೆ ತಿಳಿದಿದೆ?

ಈಗ ಇದಕ್ಕೆ ತಿರುವುಮುರುವಾದ ಕಥೆ. ಅದಕ್ಕೆ ಸಂಭಾಜಿನಗರದ ಪಕ್ಕದ ದೇವಗಿರಿ ಕೋಟೆಗೆ ಹೋಗಬೇಕು. 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ಅದನ್ನು ದೌಲತಾಬಾದ್ ಎಂದು ಕರೆದು ರಾಜಧಾನಿ ಮಾಡಿದ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕವನ್ನು ನಿಮ್ಮ ತಂದೆ ತಾಯಿ ನೋಡಿಯೇ ಇರುತ್ತಾರೆ; 1964ರಲ್ಲಿ ಪ್ರಕಟವಾದ ಆ ಕನ್ನಡ ನಾಟಕದ ದ್ವಿತೀಯಾರ್ಧ ನಡೆಯುವುದು ನಮ್ಮ ಈ ಕೋಟೆಯಲ್ಲೇ. ಸುಮಾರು 1330ರ ಹೊತ್ತಿಗೆ ಸುಲ್ತಾನ ಹಿತ್ತಾಳೆ ಮತ್ತು ತಾಮ್ರದ ನಾಣ್ಯಗಳನ್ನು ಹೊರಡಿಸಿ, ಇವು ಬೆಳ್ಳಿಯ ಟಂಕಕ್ಕೆ ಸಮ ಎಂದು ಸಾರಿದ. ಬೆಳ್ಳಿಯ ಕೊರತೆ ಇದಕ್ಕೆ ಒಂದು ಕಾರಣ ಎನ್ನುತ್ತಾರೆ ಇತಿಹಾಸಕಾರರು. ವಿಚಾರ ಹುಚ್ಚುತನದ್ದೇನೂ ಅಲ್ಲ. ಇಂದಿನ ನಮ್ಮ ನೋಟೂ ನಾಣ್ಯವೂ ಅದೇ ತತ್ವದ ಮೇಲೆ ನಡೆಯುತ್ತವೆ. ಆದರೆ ಯಾರು ಬೇಕಾದರೂ ಮಾಡಬಹುದಾದ ಮುದ್ರೆ ಅದು. ಮನೆಮನೆಯೂ ಟಂಕಸಾಲೆಯಾಯಿತು ಎಂದು ಆ ಕಾಲದ ಚರಿತ್ರೆಕಾರ ಬರನಿ ದೂರುತ್ತಾನೆ. ಜನ ಕಂದಾಯವನ್ನು ತಾಮ್ರದಲ್ಲಿ ಕಟ್ಟಿ, ಬೆಳ್ಳಿಯನ್ನು ಮನೆಯಲ್ಲಿ ಅಡಗಿಸಿದರು. ಕೆಲವೇ ವರ್ಷಗಳಲ್ಲಿ ಸುಲ್ತಾನ ಸೋತು, ತಾಮ್ರ ತಂದವರಿಗೆ ಖಜಾನೆಯಿಂದ ಬೆಳ್ಳಿ ಎಣಿಸಿಕೊಟ್ಟ. ಒಂದು ಮಾತು ಮಾತ್ರ ಅವನ ಪರವಾಗಿ ಹೇಳಬೇಕು: ಪ್ರಯೋಗ ಕೆಟ್ಟಿತು, ಆದರೆ ವಚನ ಕೆಡಲಿಲ್ಲ. ನಷ್ಟವನ್ನು ಖಜಾನೆಯೇ ಹೊತ್ತಿತು.

ಕನ್ನಡ ನಾಡಿನ ಲೆಕ್ಕ ಬೇರೆಯೇ ಇತ್ತು. ನಮ್ಮ ಹಳೆಯ ಹಣದ ಶಬ್ದಗಳನ್ನು ನೋಡಿ: ಹೊನ್ನು, ಗದ್ಯಾಣ, ವರಹ, ಹಣ. ಇವೆಲ್ಲ ಚಿನ್ನದ ಮಾತುಗಳು. ವಿಜಯನಗರದಲ್ಲಿ ‘ತಾರ’ ಎಂಬ ಸಣ್ಣ ಬೆಳ್ಳಿ ನಾಣ್ಯವಿತ್ತು, ಆದರೆ ಚಿಲ್ಲರೆಗೆ ಮಾತ್ರ. ಉತ್ತರದಲ್ಲಿ ಶೇರ್ ಷಾ ಸುಮಾರು 1540ರಲ್ಲಿ ಹೊರಡಿಸಿದ ಹನ್ನೊಂದೂವರೆ ಗ್ರಾಂ ತೂಕದ ಬೆಳ್ಳಿಯ ರೂಪಾಯಿಯನ್ನು ಮೊಗಲರು ಮುಂದುವರಿಸಿದರು. ಅವರ ಸೈನ್ಯದ ಜೊತೆಗೆ ಅದು ದಕ್ಷಿಣಕ್ಕೆ ಇಳಿಯಿತು. ಔರಂಗಾಬಾದಿನ ಟಂಕಸಾಲೆಯ ರೂಪಾಯಿಗಳ ಮೇಲೆ ‘ಖುಜಿಸ್ತಾ ಬುನಿಯಾದ್’ ಎಂಬ ಊರ ಹೆಸರಿದೆ; ಅಂದರೆ ಶುಭವಾದ ಅಡಿಪಾಯ. ವ್ಯಾಪಾರಿ ತನ್ನ ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು, ಕೂಲಿ ಕೊಟ್ಟು, ರೂಪಾಯಿ ಮಾಡಿಸಿಕೊಳ್ಳಬಹುದಾಗಿತ್ತು. ನಾಣ್ಯ ಹಳೆಯದಾದಂತೆ ಸರಾಫರು ಬಟ್ಟಾ ಹಿಡಿಯುತ್ತಿದ್ದರು. ಲೋಹ ತೂಗುವವನ ಕೈಯಲ್ಲಿ ತಕ್ಕಡಿ, ಮುದ್ರೆ ಓದುವವನ ಕೈಯಲ್ಲಿ ಲಾಭ!

ನಿಮಗೆ ಇನ್ನೂ ಹತ್ತಿರದ ವಿಷಯ ಹೇಳುತ್ತೇನೆ. 1948ರವರೆಗೆ ನಾಸಿಕ ಮುಂಬಯಿ ಪ್ರಾಂತದಲ್ಲಿತ್ತು, ಔರಂಗಾಬಾದ್ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಒಂದೇ ಪತ್ರಿಕೆಯನ್ನು ಓದುವ ನಮ್ಮ ಎರಡು ಊರುಗಳಲ್ಲಿ ಎರಡು ರೂಪಾಯಿಗಳಿದ್ದವು. ನಾಸಿಕದಲ್ಲಿ ಬ್ರಿಟಿಷರ ‘ಕಲ್ದಾರ’ ರೂಪಾಯಿ. ಕಲ್ ಎಂದರೆ ಯಂತ್ರ, ಯಂತ್ರದಲ್ಲಿ ಒತ್ತಿದ್ದು ಎಂದರ್ಥ. ಔರಂಗಾಬಾದಿನಲ್ಲಿ ನಿಜಾಮನ ‘ಹಾಲಿ’ ರೂಪಾಯಿ, ಅದರ ಮೇಲೆ ಚಾರ್‌ಮಿನಾರ್. ಏಳು ಹಾಲಿಗೆ ಆರು ಕಲ್ದಾರ ಎಂಬುದು ಕೊನೆಯ ಕಾಲದ ವಿನಿಮಯ. ನಮ್ಮ ನಾಡೂ ಹೀಗೆಯೇ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಕಲ್ದಾರ. ಕಲಬುರ್ಗಿ, ರಾಯಚೂರು, ಬೀದರಗಳಲ್ಲಿ ಹಾಲಿ. ಇಬ್ಬರು ಕನ್ನಡಿಗರ ನಡುವೆ ರೂಪಾಯಿಯ ಗಡಿ ಇತ್ತು, ಭಾಷೆಯ ಗಡಿ ಇರಲಿಲ್ಲ. ನಿಮ್ಮ ಅಜ್ಜ ಕಲಬುರ್ಗಿಯವರಾದರೆ ‘ಹಾಲಿ ಸಿಕ್ಕಾ’ ಎಂಬ ಮಾತನ್ನು ಎತ್ತಿ ನೋಡಿ, ಒಂದು ಸಂಜೆಗೆ ಸಾಕಾಗುವಷ್ಟು ಕಥೆ ಹೇಳಿಯಾರು.

ಈಗ ಈ ಲೇಖನದ ಮುಖ್ಯ ಭಾಗಕ್ಕೆ ಬರುತ್ತೇನೆ. 1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ತನ್ನ ರೂಪಾಯಿಗೆ ಒಂದು ಅಳತೆ ಗೊತ್ತುಮಾಡಿತು: ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಯಾರು ಬೇಕಾದರೂ ಬೆಳ್ಳಿ ತಂದು ಟಂಕಸಾಲೆಯಲ್ಲಿ ರೂಪಾಯಿ ಮಾಡಿಸಬಹುದು. ರೈತನಿಗೆ ಇದರ ಅರ್ಥ ಬಹಳ ಸರಳ. ಒಳ್ಳೆಯ ಬೆಳೆ ಬಂದ ವರ್ಷ ಹೆಂಡತಿಗೆ ಕಾಲ್ಗಡಗ, ತೋಳಬಂದಿ, ಮಗುವಿಗೆ ಉಡಿದಾರ ಮಾಡಿಸುವುದು. ಕೆಟ್ಟ ವರ್ಷ ಅದನ್ನು ಮಾರುವುದು. ಅವನಿಗೆ ಬ್ಯಾಂಕು ಇರಲಿಲ್ಲ. ಹೆಂಡತಿಯ ಕಾಲೇ ಅವನ ಬ್ಯಾಂಕು. 1876–78ರಲ್ಲಿ ದಖ್ಖನಿನ ಮೇಲೆ ಭೀಕರ ಬರ ಬಿತ್ತು. ನಮ್ಮ ಹಿರಿಯರು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದರು. ಆಗ ರಾಶಿರಾಶಿ ಬೆಳ್ಳಿ ಒಡವೆ ಮುಂಬಯಿಯ ಟಂಕಸಾಲೆಗೆ ಹೋಗಿ ರೂಪಾಯಿಯಾಗಿ ಹೊರಬಂತು. ಲಕ್ಷಾಂತರ ಜನ ಸತ್ತರು, ಒಡವೆ ಎಲ್ಲರನ್ನೂ ಕಾಯಲಿಲ್ಲ. ಆದರೆ ಒಡವೆಯ ಬೆಳ್ಳಿಗೂ ರೂಪಾಯಿಯ ಬೆಳ್ಳಿಗೂ ಬೆಲೆ ಹೆಚ್ಚುಕಡಿಮೆ ಒಂದೇ ಇತ್ತು.

ಅಷ್ಟರಲ್ಲಿ ಜಗತ್ತು ಬದಲಾಗುತ್ತಿತ್ತು. ಅಮೆರಿಕದ ನೆವಾಡದಲ್ಲಿ ಹೊಸ ಗಣಿಗಳಿಂದ ಬೆಳ್ಳಿ ಹೊಳೆಯಂತೆ ಹರಿಯಿತು. 1870ರ ದಶಕದಲ್ಲಿ ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನದ ಹಣಕ್ಕೆ ಹೋದವು. ಬೆಳ್ಳಿಯ ಬೆಲೆ ಕುಸಿಯಿತು, ಅದರೊಡನೆ ರೂಪಾಯಿಯೂ. ಲಂಡನ್ನಿಗೆ ಪ್ರತಿವರ್ಷ ಚಿನ್ನದ ಲೆಕ್ಕದಲ್ಲಿ ಹಣ ಕಳಿಸಬೇಕಾಗಿದ್ದ ಇಲ್ಲಿನ ಸರ್ಕಾರಕ್ಕೆ ಇದು ತಲೆನೋವಾಯಿತು. 1893ರ ಜೂನ್ 26ರಂದು ಅದು ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿಬಿಟ್ಟಿತು. ಇನ್ನು ಮೇಲೆ ಸರ್ಕಾರ ಮಾತ್ರ ರೂಪಾಯಿ ಒತ್ತಿಸಬಹುದು. ರೂಪಾಯಿ ವಿರಳವಾಗಿ ಅದರ ಬೆಲೆ ಮೇಲೇರಿತು. ಬೆಳ್ಳಿಯ ಬೆಲೆ ಕೆಳಗೇ ಉಳಿಯಿತು. ಬೆವರೂ ಮಾತೂ ಅಂದು ಬೇರೆಯಾದವು.

ಆರೇ ವರ್ಷಗಳಲ್ಲಿ, 1899–1900ರಲ್ಲಿ, ಮತ್ತೊಂದು ಮಹಾಬರ. ಮರಾಠಿಯಲ್ಲೂ ಗುಜರಾತಿಯಲ್ಲೂ ವಿಕ್ರಮ ಶಕೆ 1956ರ ಲೆಕ್ಕದಿಂದ ಅದನ್ನು ಛಪ್ಪನ್ನದ ಬರ ಎನ್ನುತ್ತಾರೆ. ನಾಸಿಕದ ಹಳ್ಳಿಯ ಹೆಂಗಸು ಕಾಲಿನ ಕಡಗ ಬಿಚ್ಚಿ ಸರಾಫನ ಮುಂದೆ ಇಟ್ಟಿದ್ದರೆ ಅವಳಿಗೆ ಎಷ್ಟು ಸಿಗುತ್ತಿತ್ತು? ಆ ವರ್ಷದ ಲಂಡನ್ ಧಾರಣೆಯಿಂದ ಲೆಕ್ಕ ಹಾಕಿದರೆ, ಒಂದು ರೂಪಾಯಿಯಲ್ಲಿದ್ದ ಬೆಳ್ಳಿಯ ಬೆಲೆ ಸುಮಾರು ಹತ್ತು ಆಣೆ. ಹದಿನಾರು ಆಣೆ ಎಂದು ನಂಬಿ ಕೂಡಿಟ್ಟದ್ದು ಹತ್ತು ಆಣೆಯಾಗಿತ್ತು. ಆದರೆ ಕಂದಾಯವನ್ನು, ಸಾಲವನ್ನು, ಜೋಳದ ಬೆಲೆಯನ್ನು ಪೂರ್ತಿ ರೂಪಾಯಿಯಲ್ಲೇ ಕೊಡಬೇಕು. ಅವಳ ಕಡಗ ಒಂದು ಗುಂಜಿಯಷ್ಟೂ ಸವೆದಿರಲಿಲ್ಲ, ಯಾರೂ ಅವಳ ಮನೆಗೆ ಕನ್ನ ಹಾಕಿರಲಿಲ್ಲ. ಸಿಮ್ಲಾದಲ್ಲಿ ಒಂದು ಕಾನೂನು ಬದಲಾಗಿತ್ತು, ಅಷ್ಟೆ. ದಾದಾಭಾಯಿ ನವರೋಜಿಯಂತಹವರು ಈ ಅನ್ಯಾಯದ ವಿರುದ್ಧ ಗಟ್ಟಿಯಾಗಿ ವಾದಿಸಿದರು. ಬಾಗಿಲು ಮಾತ್ರ ಮತ್ತೆ ತೆರೆಯಲಿಲ್ಲ.

ತುಘಲಕ್ಕನನ್ನು ನಾವು ಹುಚ್ಚುದೊರೆ ಎಂದು ನಗುತ್ತೇವೆ. ಅವನ ಪ್ರಯೋಗ ಕೆಟ್ಟಾಗ ಖಜಾನೆ ತೆತ್ತಿತು. 1893ರ ಜಾಣರ ಪ್ರಯೋಗ ಗೆದ್ದಿತು, ತೆತ್ತವಳು ಹಳ್ಳಿಯ ಹೆಂಗಸು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಿ ಎಂಬುದೇ ನನ್ನ ವಿನಂತಿ.

ಉಳಿದ ಕಥೆ ಬೇಗ ಮುಗಿಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ತಿರುಗಿ ಏರಿತು. ಜನ ನಾಣ್ಯಗಳನ್ನು ಕೂಡಿಡತೊಡಗಿದರು. ಬೆಳ್ಳಿ ಸಾಲದೆ ಸರ್ಕಾರ 1917ರ ನವೆಂಬರಿನಲ್ಲಿ ಕಾಗದದ ಒಂದು ರೂಪಾಯಿ ನೋಟನ್ನು ಹೊರಡಿಸಿತು. ಆಗ ನೋಟುಗಳು ಇಂಗ್ಲೆಂಡಿನಿಂದ ಅಚ್ಚಾಗಿ ಬರುತ್ತಿದ್ದವು. 1925ರಲ್ಲಿ ನಾಸಿಕ ರೋಡಿನಲ್ಲಿ ಸೆಕ್ಯುರಿಟಿ ಪ್ರೆಸ್ ಶುರುವಾಯಿತು, 1928ರಿಂದ ಅಲ್ಲಿ ನೋಟು ಮುದ್ರಣ. ಹೈದರಾಬಾದ್ ಸಂಸ್ಥಾನವೂ 1918ರಿಂದ ತನ್ನದೇ ನೋಟು ಹೊರಡಿಸಿತು, ಅದರ ಮೇಲೆ ಮರಾಠಿ ತೆಲುಗುಗಳ ಜೊತೆ ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. 1940ರಲ್ಲಿ ಬ್ರಿಟಿಷ್ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಬರೀ ನಿಕ್ಕಲ್. ಪಾಂಡವಲೇಣಿಯ ಕಾರ್ಷಾಪಣದಿಂದ ಹೊರಟ ಬೆಳ್ಳಿ, ಕೆಲವೇ ಮೈಲಿ ದೂರದ ನಾಸಿಕ ರೋಡಿನಲ್ಲಿ ಕಾಗದವಾಗಿ ಮುಗಿಯಿತು. ಇಂದು ದೇಶದ ನೋಟುಗಳು ಅಚ್ಚಾಗುವ ನಾಲ್ಕು ಜಾಗಗಳಲ್ಲಿ ಒಂದು ನಮ್ಮ ನಾಸಿಕ, ಇನ್ನೊಂದು ನಮ್ಮ ಮೈಸೂರು. ಎರಡೂ ನಮ್ಮವೇ ಎಂದು ಹೇಳಿಕೊಳ್ಳುವ ಭಾಗ್ಯ ನಿಮ್ಮದು!

ಹಾಗಾದರೆ ಬೆಳ್ಳಿಗೆ ಈಗ ಬೆಲೆ ಇಲ್ಲವೆ? ಇದೆ, ಬೇಕಾದಷ್ಟಿದೆ. ಆದರೆ ಅದು ಈಗ ಹಣವಲ್ಲ, ಸರಕು. ಒಡವೆಯ ಜೊತೆಗೆ ಸೌರಫಲಕ, ವಿದ್ಯುತ್ ಉಪಕರಣಗಳಿಗೂ ಅದು ಬೇಕು. ಸರಕಿನ ಬೆಲೆ ಏರುತ್ತದೆ, ಇಳಿಯುತ್ತದೆ. 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರಿನ ಹತ್ತಿರ ಹೋಗಿದ್ದ ಬೆಳ್ಳಿ, ಮಾರ್ಚ್ ಕೊನೆಗೆ 11 ಡಾಲರಿನ ಆಸುಪಾಸಿಗೆ ಬಿತ್ತು. ಆ ಐವತ್ತರ ಗಡಿಯನ್ನು ದಾಟಲು 2025ರವರೆಗೆ ಕಾಯಬೇಕಾಯಿತು. ಮೊದಲ ಸಂಬಳ ಕೈಗೆ ಬಂದ ಕೂಡಲೆ ಬೆಳ್ಳಿ ಕೊಳ್ಳಲೋ ಎಂದು ಕೇಳುವ ಹುಡುಗರಿಗೆ ನಾನು ಹೇಳುವುದು ಇಷ್ಟೆ: ಕೊಳ್ಳಿ, ಆದರೆ ಅದು ಬ್ಯಾಂಕಿನ ಠೇವಣಿಯಲ್ಲ ಎಂಬುದು ನೆನಪಿರಲಿ. ಏರಿದ್ದು ಮಾತ್ರ ಕಣ್ಣಿಗೆ ಬೀಳುವುದು ಮನುಷ್ಯ ಸ್ವಭಾವ.

ಕೊಳ್ಳುವುದಾಗಲಿ ಮಾರುವುದಾಗಲಿ, ಒಂದಿಷ್ಟು ತಿಳಿದಿರಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ. ವಸ್ತುವಿನ ಮೇಲೆ 925 ಎಂದಿದ್ದರೆ ಸಾವಿರಕ್ಕೆ ಅಷ್ಟು ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ತಾಮ್ರ ಬೆರೆಸುವುದು ಮೋಸವಲ್ಲ. ಅಪ್ಪಟ ಬೆಳ್ಳಿ ಬಹಳ ಮೆದು, ತಟ್ಟೆ ಬಟ್ಟಲು ಬಾಗುತ್ತವೆ. ಎಷ್ಟು ಬೆರೆಸಿದೆ ಎಂದು ಹೇಳದಿರುವುದು ಮೋಸ. ಸರಾಫ್ ಬಜಾರಿನಲ್ಲಿ ಬಿಐಎಸ್ ಮುದ್ರೆ ಇರುವುದನ್ನೇ ಕೇಳಿ, ರಸೀದಿಯಲ್ಲಿ ತೂಕ, ಶುದ್ಧತೆ, ಕೂಲಿ ಮೂರನ್ನೂ ಬೇರೆಬೇರೆಯಾಗಿ ಬರೆಸಿಕೊಳ್ಳಿ. ಹಳೆಯ ಬೆಳ್ಳಿಯನ್ನು ‘ಮೋಡ್’ಗೆ ಹಾಕುವಾಗ ಕರಗಿಸುವುದಕ್ಕೆ ಮೊದಲೇ ತೂಕ ನೋಡಿ, ಎಷ್ಟು ಕಳೆಯುತ್ತಾರೆ ಎಂದು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಉಷವದಾತ ತನ್ನ ಬಡ್ಡಿಯ ದರವನ್ನು ಕಲ್ಲಿನಲ್ಲಿ ಕೊರೆಸಿದ. ನಾವು ರಸೀದಿಯಲ್ಲಾದರೂ ಬರೆಸಬಾರದೆ?

ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಲಕ್ಷ್ಮೀಪೂಜೆಗೆ ಇಡುವ ರಾಣಿ ಛಾಪಿನ ಅಥವಾ ರಾಜಾ ಛಾಪಿನ ರೂಪಾಯಿ ಇರಬಹುದು. ಅದರ ಇಸವಿ ಓದಿ. 1940ಕ್ಕೆ ಮುಂಚಿನದಾದರೆ ಸುಮಾರು 10.7 ಗ್ರಾಂ ಅಪ್ಪಟ ಬೆಳ್ಳಿ ಅದರಲ್ಲಿದೆ. 1940ರಿಂದ 1945ರೊಳಗಿನದಾದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 5.8 ಗ್ರಾಂ. ತೂಕ ಎರಡಕ್ಕೂ ಒಂದೇ, ಆದ್ದರಿಂದ ಇಸವಿ ಓದದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವುದು ಬೇಡ. ಹಳೆಯ ನಾಣ್ಯದ ಮೇಲಿನ ಕಪ್ಪು ಅದರ ವಯಸ್ಸಿನ ಗುರುತು, ಸಂಗ್ರಾಹಕರು ಅದನ್ನೇ ನೋಡುತ್ತಾರೆ.

ಅಜ್ಜಿಯ ಹಳೆಯ ಕಡಗ, ಡಾಬು, ಕಾಲುಂಗುರಗಳನ್ನು ಮಾರಬೇಕೆ ಇಡಬೇಕೆ ಎಂಬುದು ನಿಮ್ಮ ಮನೆಯವರು ತೀರ್ಮಾನಿಸಬೇಕಾದ ವಿಷಯ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಮಾರುವ ಮುನ್ನ ಒಂದು ಕೆಲಸ ಮಾಡಿ. ಯಾವ ಒಡವೆ, ಅದನ್ನು ಕನ್ನಡದಲ್ಲಿ ಏನೆನ್ನುತ್ತಾರೆ, ಯಾವ ಊರಿನಲ್ಲಿ ಯಾವ ವರ್ಷ ಮಾಡಿಸಿದ್ದು, ಎಷ್ಟು ತೊಲ, ಅದನ್ನು ಎಂದಾದರೂ ಅಡವು ಇಟ್ಟಿದ್ದರೆ ಯಾತಕ್ಕೆ, ಇಷ್ಟನ್ನೂ ಅಜ್ಜಿಯನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಡಿ. ಅಕ್ಷರ ತಪ್ಪಿದರೆ ಚಿಂತೆಯಿಲ್ಲ. ಬೆಳ್ಳಿಯ ಧಾರಣೆ ನಾಳೆಯ ಪತ್ರಿಕೆಯಲ್ಲೂ ಸಿಗುತ್ತದೆ; ಈ ಲೆಕ್ಕ ಅಜ್ಜಿಯ ಬಳಿ ಮಾತ್ರ ಇದೆ. ಬರೆದದ್ದರಲ್ಲಿ ಒಂದು ಪುಟವನ್ನು ಸಂಘದ ಕಚೇರಿಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಈ ಅಂಕಣದ ಜಾಗವನ್ನು ಸಂತೋಷದಿಂದ ನಿಮಗೇ ಬಿಟ್ಟುಕೊಡುತ್ತೇನೆ.